ಮಾನ್ಯಖೇಟ, ಕಲ್ಯಾಣಕಾರಕ ಮತ್ತು ಕಣ್ಣಿನ ಗೂಡು

ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ರೈಲುಮಾರ್ಗ ಚಿತ್ತಾಪುರವನ್ನು ದಾಟಿ ಸೇಡಮನ್ನು ಸೇರುವ ಮೊದಲು ಮಳಖೇಡ ರೋಡ್ ಎಂಬ ನಿಲ್ದಾಣವನ್ನು ಹಾದು ಹೋಗುತ್ತದೆ. ಅಲ್ಲಿಂದ ತುಸು ದೂರದಲ್ಲಿ, ಕಾಗಿಣಾ ನದಿಯ ದಡದಲ್ಲಿ, ಈಗಿನ ಮಳಖೇಡ ಗ್ರಾಮವಿದೆ. ಚಿಂಚೋಳಿಯ ಕಡೆಯಿಂದ ಬರುವ ಮುಲ್ಲಾಮಾರಿಯನ್ನು ತನ್ನೊಳಗೆ ಕೂಡಿಸಿಕೊಂಡು ಶಹಾಬಾದಿನ ಬಳಿಯ ಹೊನಗುಂಟಾದಲ್ಲಿ ಭೀಮೆಯನ್ನು ಸೇರುವ ಈ ನದಿಯ ದಡವೇ ರಾಷ್ಟ್ರಕೂಟರ ಮಾನ್ಯಖೇಟ. 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನ ಹೆಸರಿನೊಂದಿಗೆ ಕನ್ನಡ ವಿದ್ಯಾರ್ಥಿಗಳು ಕವಿರಾಜಮಾರ್ಗವನ್ನು ನೆನೆಯುತ್ತಾರೆ. ಸಂಸ್ಕೃತ ಓದಿದವರು ಜಿನಸೇನರ ಆದಿಪುರಾಣವನ್ನು, ಶಾಕಟಾಯನನ ವ್ಯಾಕರಣವನ್ನು, ಮಹಾವೀರಾಚಾರ್ಯರ ಗಣಿತಸಾರಸಂಗ್ರಹವನ್ನು ಸೇರಿಸುತ್ತಾರೆ. ಈ ಪಟ್ಟಿಯಲ್ಲಿ ಬಹುಮಟ್ಟಿಗೆ ಬಿಟ್ಟುಹೋಗುವ ಕೃತಿ ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕ. ಅದು ವೈದ್ಯಗ್ರಂಥವಾದ ಕಾರಣ ಸಾಹಿತ್ಯದವರು ಅದನ್ನು ವೈದ್ಯರಿಗೆ ಬಿಟ್ಟರು. ಜೈನ ಗ್ರಂಥವಾದ ಕಾರಣ ವೈದ್ಯರು ಅದನ್ನು ಜೈನರಿಗೆ ಬಿಟ್ಟರು.

ಕಲ್ಯಾಣಕಾರಕದ ಬಗೆಗೆ ಬರೆಯುವವರು ಸಾಮಾನ್ಯವಾಗಿ ಹೇಳುವ ಸಂಗತಿ ಒಂದೇ. ಗ್ರಂಥದ ಕೊನೆಯಲ್ಲಿ ಹಿತಾಹಿತ ಎಂಬ ಅಧ್ಯಾಯವೊಂದಿದೆ. ವಿದ್ವಾಂಸರೂ ವೈದ್ಯರೂ ನೆರೆದಿದ್ದ ನೃಪತುಂಗನ ಸಭೆಯಲ್ಲಿ ಮಾಂಸವು ಔಷಧವಾಗಲಿ ಪಥ್ಯವಾಗಲಿ ಆಗಲಾರದೆಂದು ಉಗ್ರಾದಿತ್ಯರು ವಾದಿಸಿದ ಉಪನ್ಯಾಸವದು. ರಾಜಸಭೆಯಲ್ಲಿ ಅಹಿಂಸೆಯ ಪರವಾಗಿ ನಡೆದ ವೈದ್ಯಕೀಯ ವಾದವೆಂಬ ಕಾರಣಕ್ಕೆ ಅದು ಪ್ರಸಿದ್ಧವಾದದ್ದು ಸರಿಯೇ. ಆದರೆ ಆ ಪ್ರಸಿದ್ಧಿಯ ನೆರಳಿನಲ್ಲಿ ಗ್ರಂಥದ ಮತ್ತೊಂದು ಮಾತು ಮರೆಯಾಗಿದೆ. ಉಗ್ರಾದಿತ್ಯರು ತಮಗಿಂತ ಹಿಂದಿನ ಜೈನ ವೈದ್ಯಾಚಾರ್ಯರನ್ನು ಶಾಖೆಗೊಬ್ಬರಂತೆ ಹೆಸರಿಸುತ್ತಾರೆ: ಶಾಲಾಕ್ಯಕ್ಕೆ ಪೂಜ್ಯಪಾದರು, ಶಲ್ಯತಂತ್ರಕ್ಕೆ ಪಾತ್ರಸ್ವಾಮಿ, ವಿಷ ಮತ್ತು ಗ್ರಹಬಾಧೆಗಳ ಶಮನಕ್ಕೆ ಸಿದ್ಧಸೇನರು, ಕಾಯಚಿಕಿತ್ಸೆಗೆ ದಶರಥಗುರು, ಬಾಲಚಿಕಿತ್ಸೆಗೆ ಮೇಘನಾದರು, ರಸಾಯನ ವಾಜೀಕರಣಗಳಿಗೆ ಸಿಂಹನಾದರು. ಎಂಟು ಅಂಗಗಳನ್ನೂ ಒಟ್ಟಾಗಿ ವಿಸ್ತಾರವಾಗಿ ಬರೆದವರು ಸಮಂತಭದ್ರರು ಎಂದೂ ಹೇಳುತ್ತಾರೆ. ಈ ಸಾಲಿನಲ್ಲಿ ಮೊದಲು ಬರುವುದು ಶಾಲಾಕ್ಯ.

ಶಲಾಕೆ ಎಂದರೆ ಕಡ್ಡಿ. ಕಣ್ಣಿಗೆ ಅಂಜನ ಹಚ್ಚುವ, ಪೊರೆ ಸರಿಸುವ ಕಡ್ಡಿಯಿಂದ ಹೆಸರು ಪಡೆದ ಈ ಶಾಖೆ ಕೊರಳಿನಿಂದ ಮೇಲಿನ ಅವಯವಗಳನ್ನು, ಅಂದರೆ ಕಣ್ಣು, ಕಿವಿ, ಮೂಗು, ಬಾಯಿ, ತಲೆಗಳನ್ನು ಕುರಿತದ್ದು. ಅದರ ಹೃದಯ ಕಣ್ಣೇ. ಜೈನೇಂದ್ರ ವ್ಯಾಕರಣವನ್ನೂ ಸರ್ವಾರ್ಥಸಿದ್ಧಿಯನ್ನೂ ಬರೆದ ದೇವನಂದಿ ಪೂಜ್ಯಪಾದರು ಕಣ್ಣಿನ ವೈದ್ಯವನ್ನೂ ಬರೆದಿದ್ದರೆಂದರೆ, ಆ ಪರಂಪರೆ ಕಣ್ಣನ್ನು ಹೇಗೆ ಕಂಡಿತ್ತು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಕಣ್ಣಿಗೆ ಮದ್ದು ಹಾಕುವುದು ಒಂದು ಮಾತು. ಕಣ್ಣು ಕೂತಿರುವ ಎಲುಬಿನ ಗೂಡನ್ನು ಬಲ್ಲುದು ಬೇರೆಯೇ ಮಾತು. ಸತ್ತ ದೇಹವನ್ನು ಬಿಡಿಸದೆ ಅದು ತಿಳಿಯುವುದು ಕಷ್ಟ. ಅಹಿಂಸಾವ್ರತಿಗಳ ವೈದ್ಯಕ್ಕೆ ಈ ತಿಳಿವು ಎಲ್ಲಿಂದ ಬಂತು, ಎಷ್ಟು ಬಂತು?

ಮೊದಲು ಗೂಡನ್ನೇ ನೋಡಬೇಕು. ಕಣ್ಣುಗೂಡು ಒಂದು ಎಲುಬಲ್ಲ. ಏಳು ಎಲುಬುಗಳು ಕೂಡಿ ಮಾಡಿದ ಕುಳಿ. ಮೇಲೆ ಹಣೆಯ ಎಲುಬು, ಹೊರಬದಿಗೆ ಕೆನ್ನೆಯ ಎಲುಬು, ಕೆಳಗೆ ಮೇಲ್ದವಡೆಯ ಎಲುಬು; ಒಳಬದಿಗೆ ಉಗುರಿನಷ್ಟು ಚಿಕ್ಕದಾದ ಕಣ್ಣೀರಿನ ಎಲುಬು, ಅದರ ಹಿಂದೆ ಜರಡಿಯಂತೆ ತೂತುಗಳುಳ್ಳ ಮೂಗಿನ ಮೇಲಿನ ಎಲುಬು; ಆಳದಲ್ಲಿ ಬೆಣೆಯಾಕಾರದ ಎಲುಬು, ಮೂಲೆಯಲ್ಲಿ ಅಂಗುಳಿನ ಎಲುಬಿನ ಒಂದು ಚೂರು. ಇವೆಲ್ಲ ಸೇರಿ ಬಾಯಿ ಅಗಲವಾಗಿ ಹಿಂದೆ ಹೋದಂತೆ ಕಿರಿದಾಗುವ ಆಕಾರ ಮೂಡುತ್ತದೆ. ಬಾಯಿಯ ಅಗಲ ಸುಮಾರು 4 ಸೆಂಟಿಮೀಟರ್, ಎತ್ತರ ಸುಮಾರು 3.5, ಆಳ 4ರಿಂದ 4.5. ಒಳಗಿನ ಜಾಗ ಸುಮಾರು 30 ಮಿಲಿಲೀಟರ್. ಕಣ್ಣುಗುಡ್ಡೆಯ ವ್ಯಾಸ 2.4 ಸೆಂಟಿಮೀಟರ್ ಮಾತ್ರ. ಗೂಡಿನ ನಾಲ್ಕನೆಯ ಒಂದು ಭಾಗವನ್ನೂ ಅದು ತುಂಬುವುದಿಲ್ಲ. ಉಳಿದುದೆಲ್ಲ ಕಣ್ಣನ್ನು ತಿರುಗಿಸುವ ಆರು ಸ್ನಾಯುಗಳು, ನರಗಳು, ರಕ್ತನಾಳಗಳು, ಕಣ್ಣೀರಿನ ಗ್ರಂಥಿ, ಮತ್ತು ಎಲ್ಲಕ್ಕೂ ಹಾಸಿಗೆಯಾಗಿರುವ ಕೊಬ್ಬು. ತುದಿಯಲ್ಲಿರುವ ರಂಧ್ರದಿಂದ ದೃಷ್ಟಿನರ ಮಿದುಳಿಗೆ ಹೋಗುತ್ತದೆ. ಅಂಚು ಗಟ್ಟಿ, ಒಳಗೋಡೆ ಮತ್ತು ನೆಲ ಕಾಗದದಷ್ಟು ತೆಳು.

ಈಗ ಸುಶ್ರುತಸಂಹಿತೆಯ ಉತ್ತರತಂತ್ರಕ್ಕೆ ಬಂದರೆ ಅಲ್ಲಿ 'ನಯನಬುದ್ಬುದ'ದ ಅಳತೆಯಿದೆ. ಆಳ ಎರಡು ಅಂಗುಲ. ಸುತ್ತ ಎಲ್ಲ ಕಡೆಗೂ ಎರಡೂವರೆ ಅಂಗುಲ. ಅಂಗುಲವೆಂದರೆ ಆಯಾ ಮನುಷ್ಯನ ಹೆಬ್ಬೆರಳಿನ ಅಗಲ. ಆಕಾರ ದುಂಡಗೆ, ಹಸುವಿನ ಮೊಲೆಯಂತೆ. ಅಂಗುಲಕ್ಕೆ ಎರಡು ಸೆಂಟಿಮೀಟರಿಗೆ ತುಸು ಕಡಿಮೆ ಎಂದು ಹಿಡಿದರೂ ಆಳ 4 ಸೆಂಟಿಮೀಟರಿನ ಹತ್ತಿರ ಬರುತ್ತದೆ. ಇದು ಕಣ್ಣುಗುಡ್ಡೆಯ ಅಳತೆಯಲ್ಲ. ಗುಡ್ಡೆಗೆ ಈ ಲೆಕ್ಕ ಒಂದೂವರೆ ಪಟ್ಟು ದೊಡ್ಡದು. ಇದು ಗೂಡಿನ ಅಳತೆ. ಹಸುವಿನ ಮೊಲೆಯ ಹೋಲಿಕೆಯೂ ಅದನ್ನೇ ಹೇಳುವಂತಿದೆ. ಗುಡ್ಡೆ ಚೆಂಡಿನಂತಿದೆ, ಮೊಲೆಯಂತಲ್ಲ. ಗುಡ್ಡೆ, ಅದರ ಹಿಂದಿನ ಸ್ನಾಯುಗಳ ಗೊಂಚಲು, ನರದ ಬಾಲ ಇವನ್ನು ಒಟ್ಟಾಗಿ ಹೊರತೆಗೆದರೆ ಮಾತ್ರ ಮುಂದೆ ದುಂಡಾಗಿ ಹಿಂದೆ ಕಿರಿದಾಗುವ ಆ ಆಕಾರ ಕಣ್ಣಿಗೆ ಬೀಳುತ್ತದೆ. ಸಂಹಿತೆಯ ಶಾರೀರಸ್ಥಾನ ಹೇಳುವ ವಿಧಾನಕ್ಕೂ ಇದು ಹೊಂದುತ್ತದೆ: ವಿಷದಿಂದಾಗಲಿ ದೀರ್ಘರೋಗದಿಂದಾಗಲಿ ಸಾಯದ ದೇಹವನ್ನು ಹುಲ್ಲು ನಾರುಗಳಿಂದ ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನೀರಿನಲ್ಲಿ ಏಳು ರಾತ್ರಿ ನೆನೆಸಿ, ಬಳಿಕ ಬೇರು, ಕೂದಲು, ಬಿದಿರುಗಳ ಕುಂಚದಿಂದ ಮೆಲ್ಲಗೆ ಉಜ್ಜುತ್ತ ಪದರ ಪದರವಾಗಿ ನೋಡಬೇಕು. ಚೂರಿಯಿಂದ ಕತ್ತರಿಸಿ ನೋಡಿದವರ ಶಾರೀರವಲ್ಲ ಇದು; ಕೊಳೆತ ಮೃದುಭಾಗ ಇಡಿಯಾಗಿ ಕಳಚಿ ಬಂದುದನ್ನು ನೋಡಿದವರದು. ಹೀಗಾಗಿ ಕಣ್ಣು ಮತ್ತು ಗೂಡು ಅವರ ಲೆಕ್ಕದಲ್ಲಿ ಒಂದೇ ವಸ್ತುವಾಗಿ ಉಳಿದವು ಎಂದು ಊಹಿಸಲು ಅವಕಾಶವಿದೆ.

ಈ ಬೆರಕೆ ಎಲುಬುಗಳ ಎಣಿಕೆಯಲ್ಲೂ ಕಾಣುತ್ತದೆ. ಸುಶ್ರುತ ಎಲುಬುಗಳನ್ನು ಐದು ಬಗೆ ಮಾಡಿ, ಮೂಗು, ಕಿವಿ, ಕೊರಳು, ಅಕ್ಷಿಕೋಶಗಳಲ್ಲಿರುವುದು 'ತರುಣ', ಅಂದರೆ ಎಳೆಯ ಎಲುಬು ಎನ್ನುತ್ತಾನೆ. ಅಕ್ಷಿಕೋಶವೆಂಬ ಮಾತಿಗೆ ನೇರ ಅರ್ಥ ಕಣ್ಣಿನ ಗೂಡೇ. ಆದರೆ ಗೂಡಿನ ಎಲುಬು ಮೃದ್ವಸ್ಥಿಯಲ್ಲ. 1907ರಲ್ಲಿ ಆಕ್ಸ್‌ಫರ್ಡಿನಿಂದ ಪ್ರಾಚೀನ ಭಾರತದ ಅಸ್ಥಿಶಾಸ್ತ್ರದ ಮೇಲೆ ಗ್ರಂಥ ಪ್ರಕಟಿಸಿದ ಹರ್ನ್ಲೆ ಈ ತೊಡಕನ್ನು ಬಿಡಿಸಲು ಅಕ್ಷಿಕೋಶವೆಂದರೆ ಗುಡ್ಡೆ, ಅದರ ಬಿಳಿಯ ಗಟ್ಟಿ ಪದರವನ್ನೇ ಎಳೆ ಎಲುಬೆಂದು ಎಣಿಸಲಾಗಿದೆ ಎಂಬಂತೆ ಅರ್ಥ ಮಾಡಿದರು. ಅದು ಬುದ್ಧಿವಂತಿಕೆಯ ಪರಿಹಾರ, ಆದರೆ ಅನಿವಾರ್ಯವಲ್ಲ. ಒಳಗೋಡೆಯ ಕಾಗದದಂಥ ಎಲುಬನ್ನು ನೀರಿನಲ್ಲಿ ನೆನೆದ ದೇಹದಲ್ಲಿ ಮುಟ್ಟಿದವನಿಗೆ ಅದು ಮೂಗಿನ ಎಳೆ ಎಲುಬಿನ ಜಾತಿಯದಾಗಿ ತೋರುವುದು ಸಹಜ. ಕಣ್ಣಿನ ಪದರಗಳನ್ನು ಹೇಳುವಾಗಲೂ ಸುಶ್ರುತ ರೆಪ್ಪೆಯಲ್ಲಿ ಎರಡು, ಕಣ್ಣಿನಲ್ಲಿ ನಾಲ್ಕು ಪಟಲಗಳೆಂದು ಎಣಿಸಿ, ಒಳಗಿನ ನಾಲ್ಕರಲ್ಲಿ ಮೊದಲನೆಯದು ತೇಜಸ್ಸು ಜಲಗಳನ್ನು, ಎರಡನೆಯದು ಮಾಂಸವನ್ನು, ಮೂರನೆಯದು ಮೇದಸ್ಸನ್ನು, ಕೊನೆಯದು ಎಲುಬನ್ನು ಆಶ್ರಯಿಸಿದೆ ಎನ್ನುತ್ತಾನೆ. ಗುಡ್ಡೆಯೊಳಗೆ ಎಲುಬೂ ಇಲ್ಲ, ಕೊಬ್ಬೂ ಇಲ್ಲ. ನೀರು, ಮಾಂಸ, ಕೊಬ್ಬು, ಎಲುಬು ಎಂಬ ಈ ಕ್ರಮ ಮುಂದಿನಿಂದ ಹಿಂದಕ್ಕೆ ಗೂಡನ್ನು ಹೊಕ್ಕವನ ಕ್ರಮ.

ಒಳಗಿನ ಚಿತ್ರ ಹೀಗೆ ಮಸುಕು. ಗೂಡಿನ ಅಂಚಿನ ಚಿತ್ರ ಮಾತ್ರ ಅಚ್ಚರಿಪಡುವಷ್ಟು ಸ್ಪಷ್ಟ. ಮರ್ಮಗಳ ಪ್ರಕರಣದಲ್ಲಿ ಕಣ್ಣಿನ ಸುತ್ತ ಎರಡು ಜೋಡಿ ಮರ್ಮಗಳನ್ನು ಹೇಳಿದೆ. ಹುಬ್ಬಿನ ಬಾಲದ ಕೊನೆಗೆ ಕೆಳಗೆ, ಕಣ್ಣಿನ ಹೊರಗೆ, 'ಅಪಾಂಗ'. ಹುಬ್ಬಿನ ಮೇಲಿನ ತಗ್ಗಿನಲ್ಲಿ 'ಆವರ್ತ'. ಎರಡಕ್ಕೂ ಪೆಟ್ಟು ಬಿದ್ದರೆ ಫಲ ಒಂದೇ: ಕುರುಡು, ಇಲ್ಲವೇ ದೃಷ್ಟಿಗೆ ಕುಂದು. ಕಣ್ಣಿಗೆ ಏನೂ ತಾಗದೆ ಹುಬ್ಬಿಗೆ ಮಾತ್ರ ಪೆಟ್ಟು ಬಿದ್ದವನು ಕುರುಡನಾಗುವುದು ಹೇಗೆ? ಇಂದಿನ ನೇತ್ರವೈದ್ಯಕ್ಕೆ ಇದು ಗೊತ್ತಿರುವ ಸಂಗತಿ. ಹುಬ್ಬಿನ ಹೊರಭಾಗಕ್ಕೆ ಬಿದ್ದ ಪೆಟ್ಟಿನ ಬಲ ಗೂಡಿನ ಎಲುಬಿನ ಛಾವಣಿಯ ಮೂಲಕ ಹಿಂದಕ್ಕೆ ಹರಿದು ದೃಷ್ಟಿನರ ಹಾಯುವ ರಂಧ್ರದಲ್ಲಿ ನರವನ್ನು ಜಖಂಗೊಳಿಸಬಲ್ಲುದು. ಕಣ್ಣು ಹೊರಗಿನಿಂದ ನೆಟ್ಟಗೇ ಇರುತ್ತದೆ. ನರದ ದಾರಿ ಪ್ರಾಚೀನರಿಗೆ ತಿಳಿದಿತ್ತೆಂದು ಇದರಿಂದ ಹೇಳಲಾಗದು. ಹಾಗೆ ಹೇಳುವ ಹುರುಪು ಇತ್ತೀಚೆಗೆ ಹೆಚ್ಚಾಗಿದೆ. ಅದು ಪ್ರಾಚೀನರಿಗೆ ಗೌರವ ತರುವುದಿಲ್ಲ. ಅವರು ಬಲ್ಲುದು ಪೆಟ್ಟನ್ನು ಮತ್ತು ಅದರ ಫಲವನ್ನು. ಗಾಯಾಳುಗಳನ್ನು ಕಂಡು ಕಂಡು ಬಂದ ತಿಳಿವು ಅದು. ಹೆಣ ಬಿಡಿಸಿ ಬಂದದ್ದಲ್ಲ.

ಅಪಾಂಗ ಎಂಬ ಮಾತು ಕಾವ್ಯವಿದ್ಯಾರ್ಥಿಗಳಿಗೆ ಚಿರಪರಿಚಿತ. ಕನ್ನಡದಲ್ಲಿ ಅದು ಕಡೆಗಣ್ಣು, ಕುಡಿಗಣ್ಣು. ಕಾವ್ಯದಲ್ಲಿ ನೋಟ ಹೊರಡುವ ತಾಣ. ವೈದ್ಯದಲ್ಲಿ ನೋಟ ಅಳಿಯುವ ತಾಣ. ಒಂದೇ ಪದ ಎರಡು ಶಾಸ್ತ್ರಗಳಲ್ಲಿ ಹೀಗೆ ಎದುರುಬದುರು ನಿಂತಿರುವುದನ್ನು ಅಲಂಕಾರಶಾಸ್ತ್ರದವರು ಗಮನಿಸಿದಂತೆ ಕಾಣುವುದಿಲ್ಲ.

ಈಗ ಜೈನ ಪರಂಪರೆಯ ಮಾತು. ಹೆಣವನ್ನು ಹೊಳೆಯಲ್ಲಿ ಕೊಳೆಯಿಸಿ ನೋಡುವುದು ಮುನಿಗೆ ಸಲ್ಲುವ ಕೆಲಸವಲ್ಲ. ನೀರಿನಲ್ಲೂ ಜೀವವನ್ನು ಕಾಣುವವನು ಆ ದಾರಿ ಹಿಡಿಯಲಾರ. ಆದರೂ ಜೈನ ಗ್ರಂಥಗಳಲ್ಲಿ ಶರೀರದ ಎಣಿಕೆ ವಿಪುಲವಾಗಿದೆ, ಮತ್ತು ಅದು ಸಿಗುವ ಸ್ಥಳ ವೈದ್ಯಗ್ರಂಥವಲ್ಲ. ಶಿವಾರ್ಯರ ಭಗವತೀ ಆರಾಧನೆ ಸಮಾಧಿಮರಣಕ್ಕೆ ಸಿದ್ಧನಾಗುವ ಸಾಧಕನಿಗೆ ದೇಹದ ಅಶುಚಿತ್ವವನ್ನು ಮನಗಾಣಿಸುವಾಗ ಅವಯವಗಳನ್ನು ಲೆಕ್ಕ ಹಾಕುತ್ತದೆ: ಎಲುಬು 300, ಸಂಧಿಗಳೂ ಅಷ್ಟೇ, ಸ್ನಾಯು 900, ಸಿರೆ 700, ಮಾಂಸಪೇಶಿ 500. ಸುಶ್ರುತನ ಲೆಕ್ಕದಲ್ಲಿ ಎಲುಬು 300, ಸ್ನಾಯು 900, ಸಿರೆ 700, ಪೇಶಿ 500. ಸಂಧಿಗಳು ಮಾತ್ರ 210. ಐದರಲ್ಲಿ ನಾಲ್ಕು ಹೊಂದುವುದು ಆಕಸ್ಮಿಕವಲ್ಲ. ಚರಕ 360 ಎಲುಬುಗಳನ್ನು ಹೇಳುತ್ತಾನೆಂಬುದನ್ನು ನೆನೆದರೆ, ಜೈನ ಮುನಿಗಳ ಶಾರೀರ ಶಲ್ಯವೈದ್ಯರ ಬಳಗದಿಂದ ಬಂದದ್ದು ಎನ್ನಬೇಕಾಗುತ್ತದೆ.

ಕಣ್ಣಿನ ವಿಷಯದಲ್ಲಿ ಮಾತ್ರ ಈ ನಿಯಮ ತಿರುವು ಪಡೆಯುತ್ತದೆ. ಅದೇ ಆರಾಧನೆ ಒಂದೇ ಕಣ್ಣಿನಲ್ಲಿ 96 ರೋಗಗಳಿದ್ದರೆ ಇಡೀ ದೇಹದಲ್ಲಿ ಎಷ್ಟಿರಬೇಡ ಎಂದು ಕೇಳುತ್ತದೆ. ಕುಂದಕುಂದರ ಭಾವಪಾಹುಡ ಅಂಗುಲ ಅಂಗುಲಕ್ಕೂ 96 ರೋಗಗಳೆಂದು ಅದೇ ಸಂಖ್ಯೆಯನ್ನು ಬಳಸುತ್ತದೆ. ಸುಶ್ರುತನಲ್ಲಿ ನೇತ್ರರೋಗಗಳು 76, ವಾಗ್ಭಟನಲ್ಲಿ 94. ಹಾಗಾದರೆ 96 ಎಲ್ಲಿಯದು? ಚರಕಸಂಹಿತೆಯ ಚಿಕಿತ್ಸಾಸ್ಥಾನ ನೇತ್ರರೋಗಗಳನ್ನು 96 ಎಂದು ಹೇಳಿ, ವಿವರಕ್ಕೆ ಶಾಲಾಕ್ಯತಂತ್ರಗಳನ್ನು ನೋಡಬೇಕೆಂದು ಓದುಗನನ್ನು ಅತ್ತ ಕಳಿಸುತ್ತದೆ. ವ್ಯಾಖ್ಯಾನಕಾರರು ಈ ಸಂಖ್ಯೆಯನ್ನು ಕರಾಲನೆಂಬ ಶಾಲಾಕ್ಯಾಚಾರ್ಯನ ಮತವೆಂದು ಗುರುತಿಸುತ್ತಾರೆ. 76 ವಿದೇಹನ ಮತ. ಕರಾಲನ ತಂತ್ರವೂ ವಿದೇಹನ ತಂತ್ರವೂ ಇಂದು ಇಲ್ಲ, ಉಳಿದಿರುವುದು ಉಲ್ಲೇಖಗಳು ಮಾತ್ರ. ಅಂದರೆ ಲುಪ್ತವಾದ ಒಂದು ನೇತ್ರವೈದ್ಯ ಪರಂಪರೆಯ ಎಣಿಕೆ ವೈರಾಗ್ಯವನ್ನು ಬೋಧಿಸುವ ಪ್ರಾಕೃತ ಗಾಹೆಗಳಲ್ಲಿ ಉಳಿದುಕೊಂಡಿದೆ. ಎಲುಬಿಗೆ ಶಲ್ಯದವರ ಲೆಕ್ಕ, ಕಣ್ಣಿಗೆ ಶಾಲಾಕ್ಯದವರ ಲೆಕ್ಕ: ಮುನಿಗಳು ಆಯಾ ಶಾಖೆಯ ತಜ್ಞರ ಮಾತನ್ನು ತೆಗೆದುಕೊಂಡಿದ್ದಾರೆ. ಪೂಜ್ಯಪಾದರ ಶಾಲಾಕ್ಯ ಈ 96ರ ಪರಂಪರೆಗೆ ಸೇರಿತ್ತೇ ಎಂಬುದು ಸಹಜವಾಗಿಯೇ ಮುಂದಿನ ಪ್ರಶ್ನೆ. ಆ ಗ್ರಂಥ ದೊರೆತಿಲ್ಲ.

ಹಳಗನ್ನಡ ಓದುವವರಿಗೆ ಈ ಆರಾಧನೆ ದೂರದ ಗ್ರಂಥವಲ್ಲ. ವಡ್ಡಾರಾಧನೆಯ 19 ಕತೆಗಳು ಅದರ ಗಾಹೆಗಳ ಬೆನ್ನಿಗೆ ಬೆಳೆದವು. ಸುಕುಮಾರಸ್ವಾಮಿಯನ್ನು ನರಿ ತಿನ್ನುವ ಸನ್ನಿವೇಶವನ್ನು ಓದುವಾಗ ವಿದ್ಯಾರ್ಥಿಗಳು ಅದನ್ನು ಭೀಭತ್ಸವೆಂದು ಗುರುತು ಹಾಕಿ ಮುಂದೆ ಹೋಗುತ್ತಾರೆ. ದೇಹವನ್ನು ಅಂಗಾಂಗವಾಗಿ ಬಿಡಿಸಿ ನೋಡುವ ದೃಷ್ಟಿ ಅಲ್ಲಿ ಮೊದಲೇ ಸಿದ್ಧವಾಗಿತ್ತು. ವೈದ್ಯನು ದೇಹವನ್ನು ಉಳಿಸಲು ಎಣಿಸಿದ್ದನ್ನು ಮುನಿ ದೇಹದ ಮೋಹ ಬಿಡಲು ಎಣಿಸಿದ.

ಈ ಎರಡೂ ದಾರಿಗಳು ಕೂಡುವ ಸ್ಥಳ ಕಲ್ಯಾಣಕಾರಕ. ಉಗ್ರಾದಿತ್ಯರು ಮುನಿಯೂ ಹೌದು, ವೈದ್ಯರೂ ಹೌದು. ತಮ್ಮ ಗುರು ಶ್ರೀನಂದಿ ಎಂದೂ, ಗ್ರಂಥ ರಚಿಸಿದ್ದು ತ್ರಿಕಲಿಂಗ ದೇಶದ ರಾಮಗಿರಿಯ ಜಿನಾಲಯದಲ್ಲಿ ಎಂದೂ ಹೇಳಿಕೊಂಡಿದ್ದಾರೆ. ಆ ರಾಮಗಿರಿಯನ್ನು ಆಂಧ್ರದ ರಾಮತೀರ್ಥವೆಂದು ಕೆಲವರು, ವಿದರ್ಭದ ರಾಮಟೇಕವೆಂದು ಕೆಲವರು ಗುರುತಿಸಿದ್ದಾರೆ. ವೆಂಗಿಯ ಉಲ್ಲೇಖ ಮೊದಲನೆಯದಕ್ಕೆ ಒಲಿಯುತ್ತದೆ. ಹೀಗೆ ಪೂರ್ವ ಕರಾವಳಿಯ ಕಡೆ ಹುಟ್ಟಿದ ಗ್ರಂಥ ಕಾಗಿಣಾ ದಡದ ದೊರೆಯ ಸಭೆಯ ಉಪನ್ಯಾಸವನ್ನು ತನ್ನ ಕೊನೆಗೆ ಸೇರಿಸಿಕೊಂಡಿತು. ಇಪ್ಪತ್ತೈದು ಪರಿಚ್ಛೇದಗಳ ಮೂಲಗ್ರಂಥಕ್ಕೂ ಹಿತಾಹಿತಾಧ್ಯಾಯಕ್ಕೂ ನಡುವೆ ಕಾಲದ ಅಂತರವಿರಬಹುದೆಂಬ ಚರ್ಚೆಗೆ ಕಾರಣ ಇದೇ. ಶಾರೀರದಲ್ಲಿ ಉಗ್ರಾದಿತ್ಯರು ಹೊಸದನ್ನು ಹೇಳಲು ಹೊರಟವರಲ್ಲ. ಪರಂಪರೆಯಿಂದ ಬಂದ ಚೌಕಟ್ಟನ್ನು ಒಪ್ಪಿಕೊಂಡರು. ಶಸ್ತ್ರ, ಕ್ಷಾರ, ಅಗ್ನಿಕರ್ಮಗಳನ್ನೂ ಕೈಬಿಡಲಿಲ್ಲ. ಅವರು ಬದಲಿಸಿದ್ದು ಔಷಧದ ಪಾತ್ರೆಯಲ್ಲಿರುವುದನ್ನು. ರೋಗಿಯ ನೋವು ಕಳೆಯಲು ಚೂರಿ ಹಿಡಿಯಬಹುದು, ಇನ್ನೊಂದು ಪ್ರಾಣಿಯ ಮಾಂಸವನ್ನು ಮಾತ್ರ ಮದ್ದಾಗಿಸಬಾರದು ಎಂಬ ಗೆರೆ ಅವರದು. ಅಹಿಂಸೆ ಶಸ್ತ್ರವೈದ್ಯವನ್ನು ಕೊಂದಿತು ಎಂದು ವೈದ್ಯಕೀಯ ಇತಿಹಾಸಗಳಲ್ಲಿ ಆಗಾಗ ಬರುವ ಮಾತು ಈ ಗ್ರಂಥದ ಮುಂದೆ ನಿಲ್ಲುವುದಿಲ್ಲ. ಕುಂಠಿತವಾದದ್ದು ಶವಪರೀಕ್ಷೆ, ಅದು ಜೈನರಲ್ಲಿ ಮಾತ್ರವಲ್ಲ, ಎಲ್ಲರಲ್ಲೂ. ಕಣ್ಣುಗೂಡಿನ ಏಳು ಎಲುಬುಗಳು ಬಿಡಿಬಿಡಿಯಾಗಿ ನಮ್ಮ ಯಾವ ಪ್ರಾಚೀನ ಸಂಹಿತೆಯಲ್ಲೂ ಕಾಣದಿರುವುದು ಅದರ ಫಲ.

ಉಗ್ರಾದಿತ್ಯರ ಬಳಿಕ ಈ ವಿದ್ಯೆ ಕನ್ನಡಕ್ಕೆ ಬಂತು. ಸುಮಾರು 1150ರ ಜಗದ್ದಳ ಸೋಮನಾಥ ಪೂಜ್ಯಪಾದರ ಹೆಸರಿನಲ್ಲಿದ್ದ ಕಲ್ಯಾಣಕಾರಕವನ್ನು ಕನ್ನಡಿಸಿದ. ಅಲ್ಲಿಯೂ ಮದ್ಯ ಮಾಂಸಗಳಿಗೆ ಎಡೆಯಿಲ್ಲ. ಸುಮಾರು 1360ರ ಮಂಗರಾಜನ ಖಗೇಂದ್ರಮಣಿದರ್ಪಣ ವಿಷವೈದ್ಯಕ್ಕೆ ಪೂಜ್ಯಪಾದರನ್ನೇ ಆಧಾರವಾಗಿ ನೆನೆಯುತ್ತದೆ. ಸೇಡಂ ಸುತ್ತಣ ನೆಲವೂ ಈ ನಡುವೆ ವಿದ್ಯೆಯನ್ನು ಬಿಟ್ಟಿರಲಿಲ್ಲ. 972ರಲ್ಲಿ ಪರಮಾರ ಸೀಯಕ ಮಾನ್ಯಖೇಟವನ್ನು ಸೂರೆಗೊಂಡ ಮೇಲೂ, ಚಿತ್ತಾಪುರದ ಬಳಿಯ ನಾಗಾವಿಯ 1058ರ ಶಾಸನ ಅಲ್ಲಿನ ಘಟಿಕಾಸ್ಥಾನದಲ್ಲಿ ವಿದ್ಯಾರ್ಥಿಗಳು, ಉಪಾಧ್ಯಾಯರಲ್ಲದೆ ಪುಸ್ತಕಗಳನ್ನು ಕಾಯುವ ಆರು ಮಂದಿ ಸರಸ್ವತೀ ಭಂಡಾರಿಗರಿಗೂ ದತ್ತಿ ಬಿಟ್ಟದ್ದನ್ನು ಹೇಳುತ್ತದೆ. ಸೇಡಮಿನ 300 ಮಹಾಜನರು 1124ರ ವೇಳೆಗೆ ಶಾಂತಿನಾಥ ಬಸದಿಯನ್ನು ಕಟ್ಟಿಸಿದ ಸಂಗತಿಯನ್ನು ಪಿ.ಬಿ. ದೇಸಾಯಿಯವರು 1957ರಲ್ಲಿ ಪ್ರಕಟಿಸಿದ ಶಾಸನಗಳಿಂದ ತಿಳಿಯಬಹುದು. ವೈದಿಕ ಬ್ರಾಹ್ಮಣರು ಬಸದಿ ಕಟ್ಟಿಸಿದ ಊರಿನಲ್ಲಿ ಗ್ರಂಥಗಳು ಒಂದು ಮತದಿಂದ ಇನ್ನೊಂದಕ್ಕೆ ಸಂಚರಿಸಿದುದರಲ್ಲಿ ಆಶ್ಚರ್ಯವಿಲ್ಲ.

ಶಹಾಬಾದ, ವಾಡಿಗಳ ಸುಣ್ಣಕಲ್ಲಿನ ಗಣಿಗಳಲ್ಲಿ ಉಳಿ ಹಿಡಿಯುವವರಿಗೆ ಗೂಡಿನ ಅಂಚಿನ ಉಪಯೋಗವೂ ಮಿತಿಯೂ ಪುಸ್ತಕವಿಲ್ಲದೆ ತಿಳಿದಿರುತ್ತದೆ. ದೊಡ್ಡ ಕಲ್ಲು ಸಿಡಿದರೆ ಹುಬ್ಬು ಕೆನ್ನೆಗಳ ಎಲುಬು ತಡೆಯುತ್ತದೆ; ಗೂಡಿನ ಬಾಯಿಗಿಂತ ಚಿಕ್ಕದಾದ ಚಕ್ಕೆಗೆ ಎಲುಬಿನ ತಡೆಯಿಲ್ಲ, ಎವೆಯೊಂದೇ ಕಾವಲು.

ಕಲ್ಯಾಣಕಾರಕ ಅಚ್ಚಾದದ್ದು 1940ರಲ್ಲಿ, ಸೊಲ್ಲಾಪುರದಿಂದ, ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದನೆ ಮತ್ತು ಹಿಂದಿ ಅನುವಾದದೊಂದಿಗೆ. ಅದರ ನೇತ್ರರೋಗ ಪ್ರಕರಣವನ್ನು ಸುಶ್ರುತದೊಂದಿಗೆ ಸಾಲುಸಾಲಾಗಿ ಹೋಲಿಸಿ, ಎಲ್ಲಿ ಸುಶ್ರುತದ ಮಾತು ನಿಂತು ಬೇರೆ ಶಾಲಾಕ್ಯದ ಮಾತು ಮೊದಲಾಗುತ್ತದೆಂದು ಗುರುತಿಸಿದರೆ, ಪೂಜ್ಯಪಾದರ ಲುಪ್ತ ಗ್ರಂಥದ ಕೆಲವು ಎಳೆಗಳಾದರೂ ಕೈಗೆ ಸಿಗಬಹುದು. ಆಯುರ್ವೇದ ಬಲ್ಲವರೂ ಪ್ರಾಕೃತ ಬಲ್ಲವರೂ ಕೂಡಿ ಮಾಡಬೇಕಾದ ಕೆಲಸವದು.

ಪೂಜ್ಯಪಾದರ ಬಗೆಗೆ ಪರಂಪರೆಯಲ್ಲಿ ಒಂದು ಐತಿಹ್ಯ ಪ್ರಚಲಿತವಾಗಿದೆ. ಒಮ್ಮೆ ಅವರ ದೃಷ್ಟಿ ಹೋಯಿತು. ಶಾಂತ್ಯಷ್ಟಕವನ್ನು ರಚಿಸಿ ಶಾಂತಿನಾಥನನ್ನು ಸ್ತುತಿಸಿದಾಗ ಮರಳಿ ಬಂತು. ಆ ಸ್ತೋತ್ರದ ಕೊನೆಯಲ್ಲಿ ದೃಷ್ಟಿ ಎಂಬ ಮಾತು ಭಗವಂತನ ಕೃಪಾನೋಟ ಮತ್ತು ಭಕ್ತನ ಕಣ್ಬೆಳಕು ಎರಡಕ್ಕೂ ಸಲ್ಲುವಂತೆ ಪ್ರಯೋಗವಾಗಿದೆ. ಐತಿಹ್ಯ ಬಹುಶಃ ಆ ಶ್ಲೇಷೆಯಿಂದಲೇ ಬೆಳೆದಿರಬೇಕು. ಕತೆಯಲ್ಲಿ ಶಲಾಕೆಯಿಲ್ಲ, ಅಂಜನವಿಲ್ಲ, ಮದ್ದಿಲ್ಲ. ಕಣ್ಣಿನ ಶಾಸ್ತ್ರವನ್ನೇ ಬರೆದವನ ಕಣ್ಣು ಕುರುಡಾದುದನ್ನು ಹೇಳುತ್ತ, ಆತ ಆ ಶಾಸ್ತ್ರದ ಕರ್ತೃವೆಂಬುದನ್ನು ಕತೆಗಾರರು ಒಮ್ಮೆಯೂ ನೆನೆಯದಿರುವುದನ್ನು ನೋಡಿದರೆ, ಕತೆ ರೂಪುಗೊಳ್ಳುವ ಹೊತ್ತಿಗೆ ಪೂಜ್ಯಪಾದರ ಶಾಲಾಕ್ಯ ಹೆಸರಾಗಿಯೂ ಉಳಿದಿರಲಿಲ್ಲವೆಂದು ತೋರುತ್ತದೆ.